ವಿವಿಗಳ ಮೂಲನಿವಾಸಿ ಸಲಹಾ ಮಂಡಳಿ: ಮಾತಿಗೆ ಬೆಲೆ ಇದೆಯೋ ಇಲ್ಲವೋ, ದಾಖಲೆ ನೋಡಿ ತಿಳಿಯುವುದು ಹೇಗೆ?

ಕಡತಪ್ರಿಯ:
ಕೆನಡಾ, ಆಸ್ಟ್ರೇಲಿಯ, ನ್ಯೂಜಿಲೆಂಡ್ ವಿಶ್ವವಿದ್ಯಾಲಯಗಳ ಆಡಳಿತವನ್ನು ಹೋಲಿಸಿ ನೋಡುತ್ತಿದ್ದೇನೆ. ಎಲ್ಲಿ ನೋಡಿದರೂ ಒಂದು ಮೂಲನಿವಾಸಿ ಸಲಹಾ ಮಂಡಳಿ ಇದೆ. ಹೆಸರು ಬೇರೆ ಬೇರೆ, ನಿಯಮಾವಳಿಯ ಮಾತು ಮಾತ್ರ ಒಂದೇ: "ಮಾರ್ಗದರ್ಶನ ನೀಡುವುದು". ಮಂಡಳಿ ಬೇಡ ಎಂದದ್ದು ನಿಜಕ್ಕೂ ನಿಲ್ಲುತ್ತದೆಯೇ ಎಂದು ತಿಳಿಯಲು ಯಾವ ಸಾಲುಗಳನ್ನು ಹುಡುಕಬೇಕು? ಇನ್ನೊಂದು ಪ್ರಶ್ನೆ: ಪ್ರೊ ವೈಸ್ ಚಾನ್ಸಲರ್ ಮಟ್ಟದಲ್ಲಿ ಮೂಲನಿವಾಸಿ ಅಧಿಕಾರಿ ಇದ್ದ ಮೇಲೂ ಮಂಡಳಿ ಬೇಕೇ?

ಸೆನೆಟ್‌ಬೆಂಚು:
ಸದಸ್ಯರ ಪಟ್ಟಿ ಆಮೇಲೆ ನೋಡಿ. ಮೊದಲು, ಮಂಡಳಿ ವರದಿ ಒಪ್ಪಿಸುವುದು ಯಾರಿಗೆ ಎಂಬ ಸಾಲು ಹುಡುಕಿ.

ಕೆನಡಾದ ಹೆಚ್ಚಿನ ವಿವಿಗಳಲ್ಲಿ ಅಧಿಕಾರ ಎರಡು ಕಡೆ ಹಂಚಿದೆ. ಹಣ, ಆಸ್ತಿ ಬೋರ್ಡ್ ಆಫ್ ಗವರ್ನರ್ಸ್ ಕೈಯಲ್ಲಿ; ಪಠ್ಯಕ್ರಮ, ಪದವಿ, ಪ್ರವೇಶದ ನಿಯಮಗಳು ಸೆನೆಟ್ ಕೈಯಲ್ಲಿ. ಸಲಹಾ ಮಂಡಳಿ ಕೇವಲ ವಿವಿಯ ಮುಖ್ಯಸ್ಥರಾದ ಅಧ್ಯಕ್ಷರಿಗೆ ವರದಿ ಮಾಡುವುದಾದರೆ ಅದು ಎರಡರ ಹೊರಗೂ ಉಳಿಯಿತು ಎಂದರ್ಥ. ಅಧ್ಯಕ್ಷರು ಬದಲಾದರೆ ಅದರ ತೂಕವೂ ಬದಲಾಗುತ್ತದೆ. ಮೂಲನಿವಾಸಿ ಮಕ್ಕಳ ವಸತಿಶಾಲೆಗಳ ಅನ್ಯಾಯವನ್ನು ವಿಚಾರಿಸಿದ ಕೆನಡಾದ ಸತ್ಯ ಮತ್ತು ಸಂಧಾನ ಆಯೋಗ 2015ರಲ್ಲಿ ಕೊಟ್ಟ 94 ಕರೆಗಳಲ್ಲಿ 16ನೆಯದನ್ನೇ ತೆಗೆದುಕೊಳ್ಳಿ: ಮೂಲನಿವಾಸಿ ಭಾಷೆಗಳಲ್ಲಿ ಪದವಿ, ಡಿಪ್ಲೊಮಾ ಆರಂಭಿಸಿ ಎನ್ನುತ್ತದೆ. ಮಂಡಳಿ ಇದನ್ನು ಒಮ್ಮತದಿಂದ ಶಿಫಾರಸು ಮಾಡಿತು ಎನ್ನಿ. ಪ್ರಸ್ತಾವ ವಿಭಾಗ, ಫ್ಯಾಕಲ್ಟಿ, ಸೆನೆಟ್ ಸಮಿತಿ, ಸೆನೆಟ್ ದಾಟಿ, ಕೊನೆಗೆ ಬೋರ್ಡಿನ ಬಜೆಟ್ ತಲುಪಬೇಕು. ಅಷ್ಟು ದೂರದ ದಾರಿಯಲ್ಲಿ ಮಂಡಳಿಯ ಒಬ್ಬರೂ ಕೂತಿರದಿದ್ದರೆ ಅದು ಎಲ್ಲಿ ಸತ್ತಿತೆಂಬುದೂ ತಿಳಿಯುವುದಿಲ್ಲ.

ಮಂಡಳಿಯನ್ನು ಸೆನೆಟ್ಟಿನ ಸ್ಥಾಯಿ ಸಮಿತಿ ಮಾಡುವುದು ಸುಲಭದ ಪರಿಹಾರ; ಸೆನೆಟ್ ತನ್ನದೇ ನಿಯಮ ತಿದ್ದಿದರೆ ಸಾಕು. ಬೋರ್ಡಿನಲ್ಲಿ ಮೀಸಲು ಸ್ಥಾನ ಬೇಕೆಂದರೆ ಹೆಚ್ಚಿನ ಕಡೆ ಪ್ರಾಂತ್ಯದ ಶಾಸನಸಭೆ ವಿವಿಯ ಕಾಯ್ದೆಯನ್ನೇ ತಿದ್ದಬೇಕು. ನ್ಯೂಜಿಲೆಂಡ್‌ನಲ್ಲಿ ಈ ಕೆಲಸವನ್ನು ಕಾನೂನೇ ಮಾಡಿದೆ: 8ರಿಂದ 12 ಜನರ ವಿವಿ ಕೌನ್ಸಿಲ್‌ನಲ್ಲಿ ಅಲ್ಲಿನ ಮೂಲನಿವಾಸಿಗಳಾದ ಮಾವೊರಿಗಳಲ್ಲಿ ಕನಿಷ್ಠ ಒಬ್ಬರು ಇರಲೇಬೇಕು. ಒಬ್ಬರಿಂದ ಮತ ಗೆಲ್ಲಲಾಗದು, ನಿಜ. ಆದರೆ ಕಾಗದಪತ್ರ ಮುಂಚೆಯೇ ಕೈಗೆ ಸಿಗುತ್ತದಲ್ಲ, ಅದು ಸಣ್ಣ ಲಾಭವಲ್ಲ.

ಲೆಕ್ಕದಮ್ಮ:
ಆಸ್ಟ್ರೇಲಿಯದಲ್ಲಿ ಮಂಡಳಿಗೆ ಹಲ್ಲು ಬಂದದ್ದು ಅನುದಾನದ ದಾರಿಯಲ್ಲಿ. 2017ರಲ್ಲಿ ಶುರುವಾದ ಇಂಡಿಜಿನಸ್ ಸ್ಟೂಡೆಂಟ್ ಸಕ್ಸೆಸ್ ಪ್ರೋಗ್ರಾಂ ಹಣ ಬೇಕಿದ್ದರೆ ವಿವಿ ಮೂರನ್ನು ಇಟ್ಟುಕೊಂಡಿರಬೇಕು: ಮೂಲನಿವಾಸಿ ಶಿಕ್ಷಣ ಕಾರ್ಯತಂತ್ರ, ಉದ್ಯೋಗ ಕಾರ್ಯತಂತ್ರ, ಮೂಲನಿವಾಸಿ ಆಡಳಿತ ವ್ಯವಸ್ಥೆ. ಈ ಮೂರನೆಯದು ಆ ಹಣದ ಬಳಕೆಯ ಬಗ್ಗೆ ಸಲಹೆ ಕೊಟ್ಟು ನಿಗಾ ಇಡುತ್ತದೆ. ಇಲ್ಲದಿದ್ದರೆ ಹಣವೇ ಇಲ್ಲ, ಹಾಗಾಗಿ ಕಾಗದದ ಮೇಲಾದರೂ ಅದನ್ನು ಕಡೆಗಣಿಸಲಾಗದು.

ಮಿತಿಯೂ ಅಲ್ಲೇ ಇದೆ. ನಿಗಾ ಆ ಅನುದಾನದ ಮೇಲಷ್ಟೇ, ವಿವಿಯ ಸಾಮಾನ್ಯ ಬೋಧನಾ ಹಣದ ಮೇಲಲ್ಲ. ಸಾಮಾನ್ಯವಾಗಿ ನಡೆಯುವ ಕೈಚಳಕ ಇದು: ಮೊದಲು ಸ್ವಂತ ಬಜೆಟ್‌ನಿಂದ ನಡೆಯುತ್ತಿದ್ದ ವಿದ್ಯಾರ್ಥಿ ಕೇಂದ್ರದ ಸಂಬಳವನ್ನು ಮೆಲ್ಲಗೆ ಅನುದಾನದ ಖಾತೆಗೆ ಸರಿಸುವುದು. ಒಟ್ಟು ಖರ್ಚು ಅಷ್ಟೇ, ವಿದ್ಯಾರ್ಥಿಗೆ ಹೊಸದೇನೂ ಸಿಗುವುದಿಲ್ಲ. ಮಂಡಳಿ ಒಂದೇ ವರ್ಷದ ಲೆಕ್ಕ ನೋಡಿದರೆ ಇದು ಕಾಣದು. ಸ್ವಂತ ಹಣ ಮತ್ತು ಅನುದಾನ ಬೇರೆ ಬೇರೆ ಕಾಲಂಗಳಲ್ಲಿರುವ ಮೂರು ವರ್ಷಗಳ ಪಟ್ಟಿ ಕೇಳಬೇಕು.

ಎರಡನೇ ಪ್ರಶ್ನೆಗೆ: ಹೌದು, ಆಗಲೂ ಬೇಕು. ಪ್ರೊ ವೈಸ್ ಚಾನ್ಸಲರ್ ಎಷ್ಟಾದರೂ ವೈಸ್ ಚಾನ್ಸಲರ್‌ಗೆ ಉತ್ತರ ಕೊಡುವ ನೌಕರರು. ಬಹಿರಂಗವಾಗಿ ಆಕ್ಷೇಪ ಎತ್ತಲಾರರು. ಮಂಡಳಿಗೆ ಆ ಹಂಗಿಲ್ಲ. ಅದಕ್ಕೇ ಅವರನ್ನೇ ಮಂಡಳಿಯ ಅಧ್ಯಕ್ಷರನ್ನಾಗಿ ಮಾಡಬಾರದು, ಅಧಿಕಾರಿಗಳನ್ನು ಹೊರಗಿಟ್ಟು ಸಭೆ ನಡೆಸುವ ಹಕ್ಕೂ ನಿಯಮದಲ್ಲಿರಬೇಕು. ಆ ಹುದ್ದೆಯನ್ನು ಅಳೆಯುವುದಕ್ಕೂ ಒಂದು ಪ್ರಶ್ನೆ ಸಾಕು: ಅವರ ಸಹಿಯಿಂದ ಎಷ್ಟು ಬಜೆಟ್ ಬಿಡುಗಡೆಯಾಗುತ್ತದೆ?

ಕೋರಂಪಾಲಕ:
ಮೇಲಿನ ಇಬ್ಬರೂ ಹೇಳಿದ್ದು ಸರಿ, ಆದರೆ ಬಹಳ ಮಂಡಳಿಗಳು ಕೆಡುವುದು ಇನ್ನೂ ಕೆಳಗೆ, ಕೋರಂ (ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ) ಮತ್ತು ಚೆಕ್ಕಿನಲ್ಲಿ.

ಸಮುದಾಯದ ಪ್ರತಿನಿಧಿಯನ್ನು ವಿವಿ ಆರಿಸಿದರೆ ಅವರು ವಿವಿಯ ಅತಿಥಿ. ಆಯಾ ಮೂಲನಿವಾಸಿ ಸಮುದಾಯದ, ಅಂದರೆ ನೇಷನ್‌ನ ಕೌನ್ಸಿಲ್ ಹೆಸರಿಸಿದರೆ ಮಾತ್ರ ಪ್ರತಿನಿಧಿ. ನೆಲದ ಒಡೆಯರಿಗೆ ಪ್ರತ್ಯೇಕ ಸ್ಥಾನ ಇಡಿ. ಬ್ರಿಟಿಷ್ ಕೊಲಂಬಿಯ ವಿವಿಯ ವ್ಯಾಂಕೂವರ್ ಕ್ಯಾಂಪಸ್ ಇರುವುದು ಮಸ್ಕ್ವಿಯಮ್ ಎಂಬ ನೇಷನ್ನಿನ ನೆಲದಲ್ಲಿ, ಆದರೆ ಅಲ್ಲಿ ಓದುವವರಲ್ಲಿ ಬೇರೆ ಫಸ್ಟ್ ನೇಷನ್ಸ್, ಮೇಟೀ, ಇನ್ಯುಇಟ್ ಹೀಗೆ ಕೆನಡಾದ ಬೇರೆ ಬೇರೆ ಮೂಲನಿವಾಸಿ ಗುಂಪಿನವರೆಲ್ಲ ಇದ್ದಾರೆ. ಒಬ್ಬರೇ ಎಲ್ಲರ ಪರ ಮಾತಾಡಲಾರರು.

ಉದಾಹರಣೆಗೆ 13 ಜನ: ನೇಷನ್‌ಗಳಿಂದ 7, ಹಿರಿಯರು 2, ವಿದ್ಯಾರ್ಥಿಗಳು 2, ಸಿಬ್ಬಂದಿ 2. ಕೋರಂ 7 ಎಂದಷ್ಟೇ ಬರೆದರೆ ನೇಷನ್‌ನ ಒಬ್ಬರು ಬಂದರೂ ಸಭೆ ನಡೆದುಹೋಗುತ್ತದೆ. "ಅದರಲ್ಲಿ 4 ಮಂದಿ ನೇಷನ್‌ಗಳವರು" ಎಂದು ಸೇರಿಸಿ. ಕಾರ್ಯಸೂಚಿ ಮೂರು ದಿನ ಮೊದಲು ಕಳಿಸಿದರೆ ಉಪಯೋಗವಿಲ್ಲ. ಪ್ರತಿನಿಧಿ ತನ್ನ ಕೌನ್ಸಿಲ್ ಕೇಳಿ ಬರಬೇಕು, ಅದಕ್ಕೆ ನಾಲ್ಕು ವಾರವಾದರೂ ಬೇಕು. ಶಿಫಾರಸನ್ನು ಒಪ್ಪದಿದ್ದರೆ 30 ದಿನದೊಳಗೆ ಲಿಖಿತ ಕಾರಣ ಕೊಡಬೇಕೆಂಬ ಸಾಲೂ ಇರಲಿ. ಇಡೀ ನಿಯಮಾವಳಿಯಲ್ಲಿ ನಾನು ಮೊದಲು ಹುಡುಕುವುದು ಅದನ್ನೇ.

ಗೌರವಧನ ಸಭೆಯ ದಿನವೇ ಕೈಸೇರಬೇಕು. ಹಿರಿಯರನ್ನು ಹೊಸ ಸರಬರಾಜುದಾರರಂತೆ ನೋಂದಣಿ ಮಾಡಿಸಿ, ಬ್ಯಾಂಕ್ ವಿವರ ಕೇಳಿ, ತಿಂಗಳುಗಟ್ಟಲೆ ಕಾಯಿಸುವ ಕಚೇರಿಗಳಿವೆ; ಮುಂದಿನ ಸಭೆಗೆ ಅವರು ಬರದಿದ್ದರೆ ಕಾರಣ ಹುಡುಕುವ ಅಗತ್ಯವಿಲ್ಲ. ಕೆನಡಾದಲ್ಲಿ ವರ್ಷಕ್ಕೆ 500 ಡಾಲರ್ ಮೀರಿದರೆ ಟಿ4ಎ ತೆರಿಗೆ ಚೀಟಿಯ ಪ್ರಶ್ನೆ ಬರುತ್ತದೆ, ಅದನ್ನು ಮೊದಲೇ ತಿಳಿಸಿ. ಹೊಗೆಸೊಪ್ಪು ಕೊಟ್ಟು ಹಿರಿಯರ ನೆರವು ಕೇಳಿಕೊಳ್ಳುವ ರೂಢಿ ಎಲ್ಲರದ್ದಲ್ಲ, ಇನ್ಯುಇಟ್ ಹಿರಿಯರಿಗೆ ಅದು ಸಲ್ಲದು. ಕೇಳಿ ತಿಳಿದುಕೊಳ್ಳಿ.

ಕಡತಪ್ರಿಯ:
ತುಂಬಾ ಉಪಯೋಗವಾಯಿತು. ಒಂದು ಕಡೆ "ಸಂಶೋಧನೆಗೆ ಮಂಡಳಿಯ ಒಪ್ಪಿಗೆ ಪಡೆಯಲಾಗಿದೆ" ಎಂದು ಬರೆದಿದ್ದಾರೆ. ಅಷ್ಟು ಸಾಕೇ?

ಸೆನೆಟ್‌ಬೆಂಚು:
ಸಾಲದು. ಕೆನಡಾದ ಸಂಶೋಧನಾ ನೈತಿಕತೆಯ ನೀತಿ ಟಿಸಿಪಿಎಸ್ 2ರ 9ನೇ ಅಧ್ಯಾಯ ಹೇಳುವುದು ಅಧ್ಯಯನಕ್ಕೊಳಗಾಗುವ ಸಮುದಾಯವನ್ನೇ ತೊಡಗಿಸಿಕೊಳ್ಳಬೇಕೆಂದು. ವಿವಿಯ ಮಂಡಳಿ ಆ ಸಮುದಾಯವಲ್ಲ. ನೈತಿಕ ಸಮಿತಿಯ ಅನುಮತಿ, ಸಮುದಾಯದ ಒಪ್ಪಂದ ಎರಡೂ ಬೇರೆ ಬೇರೆ ಕಾಗದಗಳು. ಮಂಡಳಿ ಹೆಚ್ಚೆಂದರೆ ಯಾರನ್ನು ಕೇಳಬೇಕೆಂದು ದಾರಿ ತೋರಿಸಬಹುದು. ಮಾತುಕತೆ ಅನುದಾನದ ಅರ್ಜಿಗೆ ಮೊದಲೇ ಆಗಬೇಕು, ಬಜೆಟ್ ಬರೆದು ಮುಗಿದ ಮೇಲೆ ಸಮುದಾಯದ ಕೆಲಸಕ್ಕೆ ಹಣ ಉಳಿದಿರುವುದಿಲ್ಲ. ಒಪ್ಪಂದದಲ್ಲಿ ದತ್ತಾಂಶ ಯಾರ ಬಳಿ ಇರುತ್ತದೆ, ಪ್ರಕಟಣೆಗೆ ಮುಂಚೆ ಯಾರು ಓದುತ್ತಾರೆ, ಯೋಜನೆ ಮುಗಿದ ಮೇಲೆ ಅದೇ ದತ್ತಾಂಶವನ್ನು ಮತ್ತೊಂದು ಅಧ್ಯಯನಕ್ಕೆ ಬಳಸಲು ಯಾರ ಅನುಮತಿ ಬೇಕು, ಇವು ಇವೆಯೇ ನೋಡಿ. ಕೊನೆಯದು ಮರೆತುಹೋಗುವುದೇ ಹೆಚ್ಚು.