ಡೆಮೊ ಕಾರು ತಗೋಬಹುದಾ? ಹೊಸದಾದರೆ ರನ್-ಇನ್ ಹೇಗೆ? ತಿಳಿದವರು ಹೇಳಿ

ಪ್ರಶ್ನೆ
ಮುಂದೆ ಎರಡು ಆಯ್ಕೆ ಇದೆ. ಒಂದು ಹೊಚ್ಚ ಹೊಸ ಟರ್ಬೊ ಪೆಟ್ರೋಲ್ ಕಾರು, ಮ್ಯಾನುಯಲ್ ಗೇರ್. ಇನ್ನೊಂದು ಅದೇ ಕಾರಿನ ಟಾಪ್ ವೇರಿಯಂಟ್. ಶೋರೂಮಿನವರು ಟೆಸ್ಟ್ ಡ್ರೈವ್‌ಗೆ ಇಟ್ಟುಕೊಂಡಿದ್ದ ಡೆಮೊ ಗಾಡಿ ಅದು, 6,000 ಕಿ.ಮೀ. ಓಡಿದೆ, ಬೆಲೆ ಇಳಿಸಿ ಕೊಡ್ತೀವಿ ಅಂತಿದ್ದಾರೆ. ಹೊಸದನ್ನು ತಗೊಂಡರೆ ಮೊದಲು ಹೇಗೆ ಓಡಿಸಬೇಕು? ಡೆಮೊ ತಗೊಂಡರೆ ಏನೇನು ನೋಡಬೇಕು?

ಉತ್ತರ 1
ಮೊದಲು ರನ್-ಇನ್, ಅಂದರೆ ಹೊಸ ಎಂಜಿನ್ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳುವ ತನಕ ಓಡಿಸುವ ರೀತಿ ಹೇಳ್ತೀನಿ. ಅದು ಅರ್ಥವಾದರೆ ಡೆಮೊ ಗಾಡಿಯಲ್ಲಿ ಏನು ಹುಡುಕಬೇಕು ಅನ್ನೋದು ಅರ್ಧ ಗೊತ್ತಾದಂತೆ.

ಸಿಲಿಂಡರ್ ಗೋಡೆ ಪೂರ್ತಿ ನುಣುಪಾಗಿರೋದಿಲ್ಲ. ಫ್ಯಾಕ್ಟರಿಯಲ್ಲಿ ಹೋನಿಂಗ್ ಮಾಡಿ ಒಂದರ ಮೇಲೊಂದು ಓರೆಯಾಗಿ ಹಾಯುವ ಸಣ್ಣ ಗೀರುಗಳನ್ನು ಬೇಕೆಂದೇ ಬಿಟ್ಟಿರ್ತಾರೆ. ಗೀರಿನ ಒಳಗೆ ಆಯಿಲ್ ನಿಲ್ಲುತ್ತೆ, ಗೀರಿನ ಅಂಚುಗಳ ಮೇಲೆ ಪಿಸ್ಟನ್ ರಿಂಗ್ (ಪಿಸ್ಟನ್ ಸುತ್ತ ಇರುವ ಲೋಹದ ಬಳೆ) ಉಜ್ಜಿ ಉಜ್ಜಿ ಹೊಂದಿಕೊಳ್ಳುತ್ತೆ. ರಿಂಗನ್ನು ಗೋಡೆಗೆ ಒತ್ತೋದು ಅದರದೇ ಬಿಗಿ ಮಾತ್ರ ಅಲ್ಲ. ಉರಿಯುವ ಗ್ಯಾಸ್ ರಿಂಗಿನ ಹಿಂದಕ್ಕೆ ನುಗ್ಗಿ ಅದನ್ನು ಹೊರಕ್ಕೆ ತಳ್ಳುತ್ತೆ. ಅಂದರೆ ಎಂಜಿನ್‌ಗೆ ಒಂದಿಷ್ಟು ಲೋಡ್ ಬಿದ್ದರೇನೇ ರಿಂಗ್ ಕೂರೋದು. "ಹೊಸ ಗಾಡಿ, 40ರ ಮೇಲೆ ಹೋಗಲೇಬಾರದು" ಅಂತ ಸಾವಿರ ಕಿಲೋಮೀಟರ್ ತೆವಳಿಸಿದರೆ ರಿಂಗ್ ಸರಿಯಾಗಿ ಕೂರದೆ, ಗೋಡೆಯ ಮೇಲೆ ಉಳಿದ ಆಯಿಲ್ ಸುಟ್ಟು ಗಾಜಿನ ಹಾಗೆ ಗಟ್ಟಿ ಪದರ ಕಟ್ಟುತ್ತೆ. ಆಮೇಲೆ ಆ ಎಂಜಿನ್ ಆಯಿಲ್ ಕುಡೀತಾನೇ ಇರುತ್ತೆ. ಎಂಜಿನ್ ಬಿಚ್ಚಿ ಮತ್ತೆ ಹೋನಿಂಗ್ ಮಾಡೋದು ಬಿಟ್ಟರೆ ಇದಕ್ಕೆ ಖಚಿತ ಪರಿಹಾರ ಇಲ್ಲ.

ನಿಧಾನಕ್ಕಿಂತ ಏರಿಳಿತ ಮುಖ್ಯ. ಮೊದಲ 1,000ದಿಂದ 1,500 ಕಿ.ಮೀ. ಪೆಟ್ರೋಲ್ ಆದರೆ 2,000ದಿಂದ 3,500 ಆರ್‌ಪಿಎಂ, ಡೀಸೆಲ್ ಆದರೆ 1,500ರಿಂದ 2,500 ಒಳಗೆ ಆಡಿಸಿ. ಆಕ್ಸಿಲರೇಟರ್ ಅರ್ಧ, ಹೆಚ್ಚೆಂದರೆ ಮುಕ್ಕಾಲು ಒತ್ತಿ ವೇಗ ಏರಿಸಿ, ಕಾಲು ತೆಗೆದು ಗೇರ್‌ನಲ್ಲೇ ಇಳಿಯಲು ಬಿಡಿ, ಮತ್ತೆ ಏರಿಸಿ. ಕಾಲು ತೆಗೆದಾಗ ಸಿಲಿಂಡರ್ ಒಳಗಿನ ಒತ್ತಡ ತಗ್ಗಿ ಸ್ವಲ್ಪ ಆಯಿಲ್ ಮೇಲೆ ಬಂದು ರಿಂಗನ್ನು ತಂಪು ಮಾಡುತ್ತೆ. ಹೈವೇನಲ್ಲಿ ಹೋಗ್ಲೇಬೇಕಾದರೆ ಹತ್ತು ನಿಮಿಷಕ್ಕೊಮ್ಮೆ ವೇಗ ಬದಲಿಸಿ, ಕ್ರೂಸ್ ಕಂಟ್ರೋಲ್ ಮುಟ್ಟಬೇಡಿ. ಟ್ರೇಲರ್ ಎಳೆಯೋದು, ಗಂಟೆಗಟ್ಟಲೆ ನಿಂತಲ್ಲೇ ಎಂಜಿನ್ ಓಡಿಸೋದು ಈ ಅವಧಿಯಲ್ಲಿ ಬೇಡ. ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದೇ ಅಂತಿಮ.

ಟರ್ಬೊ ಪೆಟ್ರೋಲ್ ಅಂದಿದ್ದೀರಿ, ಅದಕ್ಕೇ ಇನ್ನೊಂದು ಮಾತು. 1,200 ಆರ್‌ಪಿಎಂನಲ್ಲಿ ಟಾಪ್ ಗೇರ್ ಹಾಕಿ ಆಕ್ಸಿಲರೇಟರ್ ಪೂರ್ತಿ ಒತ್ತೋದು ಹೆಚ್ಚು ಆರ್‌ಪಿಎಂ ಕೊಡೋದಕ್ಕಿಂತ ಕೆಟ್ಟದ್ದು. ಕಡಿಮೆ ವೇಗದಲ್ಲಿ ಭಾರೀ ಲೋಡ್ ಬಿದ್ದಾಗ ಸ್ಪಾರ್ಕ್ ಬರುವ ಮೊದಲೇ ಮಿಶ್ರಣ ಹೊತ್ತಿಕೊಳ್ಳುವ ಸಂಭವ ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲನ್ನು ನೇರ ಸಿಲಿಂಡರ್ ಒಳಗೇ ಸಿಂಪಡಿಸುವ) ಟರ್ಬೊಗಳಲ್ಲಿ ಇದೆ. ಆ ಹೊಡೆತಕ್ಕೆ ಪಿಸ್ಟನ್ನಿನ ರಿಂಗ್ ಕೂರುವ ಅಂಚೇ ಮುರಿಯಬಹುದು. ಗೇರ್ ಇಳಿಸಿ, ಆಮೇಲೆ ಒತ್ತಿ. ಇದು ರನ್-ಇನ್ ಮುಗಿದ ಮೇಲೂ ಪಾಲಿಸಬೇಕಾದ್ದು.

ಉತ್ತರ 2
ಎಂಜಿನ್ ಬಗ್ಗೆ ಮೇಲೆ ಹೇಳಿದ್ದು ಸರಿ. ಆದರೆ ಜನ ಎಂಜಿನ್ ಒಂದನ್ನೇ ಹಿಡಿದುಕೊಂಡು ಬ್ರೇಕ್, ಟೈರ್ ಮರೆತುಬಿಡುತ್ತಾರೆ. ಮೊದಲ ವಾರ ಪ್ರಾಣಕ್ಕೆ ಸಂಬಂಧಪಟ್ಟದ್ದು ಇವೇ.

ಹೊಸ ಟೈರಿನ ಮೇಲೆ ಅಚ್ಚಿನಿಂದ ಬಂದ ಜಾರುವ ಅಂಶ ಇರುತ್ತದೆ. ಸುಮಾರು 300 ಕಿ.ಮೀ. ತನಕ ಹಿಡಿತ ಪೂರ್ತಿ ಸಿಗುವುದಿಲ್ಲ, ಒದ್ದೆ ರಸ್ತೆಯಲ್ಲಂತೂ ಚೆನ್ನಾಗಿ ಗೊತ್ತಾಗುತ್ತದೆ. ಮುಂದಿನ ಗಾಡಿಯಿಂದ ಅಂತರ ಹೆಚ್ಚು ಇಡಿ. ಡೆಲಿವರಿ ದಿನವೇ ಗಾಳಿ ನೋಡಿಸಿ. ಸಾಗಾಟದಲ್ಲಿ ಮತ್ತು ಯಾರ್ಡ್‌ನಲ್ಲಿ ನಿಂತಾಗ ಟೈರ್ ಚಪ್ಪಟೆಯಾಗದಿರಲಿ ಎಂದು ಗಾಳಿ ಜಾಸ್ತಿ ತುಂಬಿರುತ್ತಾರೆ, ಇಳಿಸಲು ಮರೆಯುವುದು ಸಾಮಾನ್ಯ. ಸರಿಯಾದ ಅಂಕಿ ಡ್ರೈವರ್ ಬಾಗಿಲ ಕಂಬದ ಸ್ಟಿಕ್ಕರ್‌ನಲ್ಲೋ ಇಂಧನ ಮುಚ್ಚಳದ ಒಳಗೋ ಇರುತ್ತದೆ. ಟೈರಿನ ಪಕ್ಕದಲ್ಲಿ ಬರೆದಿರುವುದು ಗರಿಷ್ಠ ಮಿತಿ, ಅಷ್ಟು ತುಂಬಿಸಬಾರದು.

ಬ್ರೇಕ್ ಪ್ಯಾಡಿನ ತೆಳು ಪದರ ಡಿಸ್ಕ್ ಮೇಲೆ ಸಮನಾಗಿ ಹತ್ತಿಕೊಳ್ಳಬೇಕು. ಖಾಲಿ ರಸ್ತೆಯಲ್ಲಿ 60ರಿಂದ 15 ಕಿ.ಮೀ. ವೇಗಕ್ಕೆ ಹದವಾಗಿ ಬ್ರೇಕ್ ಒತ್ತಿ ಇಳಿಸಿ, ಪೂರ್ತಿ ನಿಲ್ಲಿಸಬೇಡಿ. ಅರ್ಧ ಕಿ.ಮೀ. ಸುಮ್ಮನೆ ಓಡಿಸಿ ತಣಿಯಲು ಬಿಡಿ. ಹೀಗೆ ಎಂಟು ಹತ್ತು ಸಲ ಮಾಡಿ. ಡಿಸ್ಕ್ ಕಾದಿರುವಾಗ ಪೆಡಲ್ ಒತ್ತಿ ಹಿಡಿದು ನಿಂತರೆ ಪ್ಯಾಡ್ ಇರುವ ಜಾಗದಲ್ಲೇ ದಪ್ಪಗೆ ಅಂಟುತ್ತದೆ, ಮುಂದೆ ಬ್ರೇಕ್ ಒತ್ತಿದಾಗಲೆಲ್ಲ ಸ್ಟೀರಿಂಗ್ ನಡುಗುತ್ತದೆ. ಡಿಸ್ಕ್ ಸೊಟ್ಟಗಾಗಿದೆ ಎಂದು ಬದಲಿಸುವ ಎಷ್ಟೋ ಗಾಡಿಗಳಲ್ಲಿ ಆಗಿರುವುದು ಇದೇ. ಅಪಾಯ ಎದುರಾದರೆ ಮಾತ್ರ ಈ ಲೆಕ್ಕ ಎಲ್ಲ ಬಿಟ್ಟು ಪೂರ್ತಿ ಒತ್ತಿ.

ಎಲೆಕ್ಟ್ರಿಕ್ ಕಾರಿಗೂ ಟೈರ್, ಬ್ರೇಕ್ ಮಾತು ಅನ್ವಯಿಸುತ್ತದೆ. ಅಲ್ಲಿ ರೀಜನ್ (ಮೋಟಾರೇ ವೇಗ ತಗ್ಗಿಸಿ ಬ್ಯಾಟರಿಗೆ ಚಾರ್ಜ್ ಮಾಡುವುದು) ಬಲವಾಗಿರುವುದರಿಂದ ಪ್ಯಾಡ್ ಬಳಕೆಯೇ ಆಗದೆ ಡಿಸ್ಕ್ ತುಕ್ಕು ಹಿಡಿಯುತ್ತದೆ. ರೀಜನ್ ಕಡಿಮೆ ಮಾಡಿಕೊಂಡು ಆಗಾಗ ಪೆಡಲ್ ಬಳಸಿ.

ಉತ್ತರ 3
ಆಯಿಲ್ ವಿಷಯ ಯಾರೂ ಎತ್ತಲಿಲ್ಲ. ರನ್-ಇನ್ ಸಮಯದಲ್ಲಿ ಸ್ವಲ್ಪ ಆಯಿಲ್ ಕರಗುವುದು ಸಹಜ. ಪ್ರತಿ 500 ಕಿ.ಮೀ.ಗೆ ಡಿಪ್‌ಸ್ಟಿಕ್ ನೋಡಿ. ಸಮತಟ್ಟು ನೆಲ, ಬಿಸಿ ಎಂಜಿನ್ ಆಫ್ ಮಾಡಿ ಐದು ನಿಮಿಷ ಬಿಟ್ಟು, ಒರೆಸಿ ಮತ್ತೆ ಅದ್ದಿ. ಕೆಳಗಿನ ಮತ್ತು ಮೇಲಿನ ಗುರುತಿನ ನಡುವೆ ಹಲವು ಎಂಜಿನ್‌ಗಳಲ್ಲಿ ಸುಮಾರು 1 ಲೀಟರ್ ಅಂತರ. ಮೇಲಿನ ಗುರುತು ದಾಟಿಸಿದರೆ ಕ್ರ್ಯಾಂಕ್ ಆಯಿಲ್‌ಗೆ ಬಡಿದು ನೊರೆ ಏಳುತ್ತೆ, ನೊರೆ ಎದ್ದ ಆಯಿಲ್ ಬೇರಿಂಗನ್ನು ಕಾಪಾಡಲ್ಲ.

1,000 ಕಿ.ಮೀ.ಗೇ ಆಯಿಲ್ ಬದಲಿಸಬೇಕಾ ಅನ್ನೋದರಲ್ಲಿ ಒಮ್ಮತ ಇಲ್ಲ. ಹೊಸ ಎಂಜಿನ್ ಉಜ್ಜಿಕೊಂಡಾಗ ಲೋಹದ ಪುಡಿ ಬರೋದು ನಿಜ, ದೊಡ್ಡ ಕಣ ಫಿಲ್ಟರ್‌ನಲ್ಲಿ ನಿಲ್ಲುತ್ತೆ, ತೀರಾ ಸಣ್ಣದು ಆಯಿಲ್‌ನಲ್ಲೇ ತಿರುಗುತ್ತಿರುತ್ತೆ. ಆದರೆ ಕೆಲವು ತಯಾರಕರು ರನ್-ಇನ್‌ಗೆಂದೇ ವಿಶೇಷ ಆಯಿಲ್ ತುಂಬಿರ್ತಾರೆ, ಬೇಗ ತೆಗೀಬೇಡಿ ಅಂತ ಕೈಪಿಡಿಯಲ್ಲೇ ಬರೆದಿರ್ತಾರೆ. ಹಾಗೆ ಬರೆದಿಲ್ಲವಾದರೆ 1,500ರಿಂದ 2,000 ಕಿ.ಮೀ. ಒಳಗೆ ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸೋದು ಒಳ್ಳೆಯದು ಅನ್ನೋದು ನನ್ನ ಅಭಿಪ್ರಾಯ. ಗ್ರೇಡ್ ಮಾತ್ರ ಕೈಪಿಡಿಯದೇ. 0ಡಬ್ಲ್ಯು-20 ಎಂಬ ತೆಳು ಆಯಿಲ್ ಹೇಳಿರುವ ಎಂಜಿನ್‌ಗೆ "ದಪ್ಪ ಇದ್ದರೆ ಒಳ್ಳೇದು" ಅಂತ ಬೇರೇನೋ ಹಾಕಿಸಬೇಡಿ.

ಇನ್ನೊಂದು, ತಣ್ಣಗಿನ ಎಂಜಿನ್. ನೀರಿನ ಮುಳ್ಳು ಮಧ್ಯಕ್ಕೆ ಬಂದ ಕೂಡಲೇ ಆಯಿಲ್ ಕಾದಿರಲ್ಲ. ಹತ್ತು ಹದಿನೈದು ನಿಮಿಷ ಮೆತ್ತಗೆ ಓಡಿಸಿ. ಡೆಮೊ ಗಾಡಿಗೆ ಸಿಗದೇ ಇರೋದು ಈ ಹತ್ತು ನಿಮಿಷವೇ.

ಪ್ರಶ್ನೆ ಕೇಳಿದವರು
ಹಾಗಾದರೆ ಡೆಮೊ ಬೇಡವೇ ಬೇಡ ಅಂತೀರಾ?

ಉತ್ತರ 4
ಬೇಡ ಅನ್ನಲ್ಲ. ನೋಡದೆ ಬೇಡ. ಡೆಮೊ ಗಾಡಿಯಲ್ಲಿ ಮೂರು ಥರ ಇದೆ. ಶೋರೂಮಿನೊಳಗೆ ನಿಲ್ಲಿಸಿದ್ದಾದರೆ ಎಂಜಿನ್ ಹೊಸದು, ಆದರೆ ದಿನವಿಡೀ ಬಾಗಿಲು, ಲೈಟು, ಸ್ಕ್ರೀನು ಆಡಿಸಿ ಬ್ಯಾಟರಿ ಎಷ್ಟೋ ಸಲ ಖಾಲಿಯಾಗಿರುತ್ತೆ. ಮ್ಯಾನೇಜರ್ ಮನೆಗೆ ಓಡಿಸುತ್ತಿದ್ದದ್ದಾದರೆ ಎಲ್ಲಕ್ಕಿಂತ ವಾಸಿ. ನಿಮಗೆ ಹೇಳಿರೋದು ಟೆಸ್ಟ್ ಡ್ರೈವ್ ಗಾಡಿ, ಅಂದರೆ ಐದಾರು ಕಿ.ಮೀ. ಸುತ್ತು, ಪ್ರತಿ ಸಲ ಹೊಸ ಕಾಲು. ನಿಮ್ಮದು ಮ್ಯಾನುಯಲ್, ಹಾಗಾಗಿ ಕ್ಲಚ್ಚೇ ಮೊದಲು. ಎಂಜಿನ್ ಕಾದ ಮೇಲೆ ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರ್, 50ರ ವೇಗ, ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಹಾರಿ ವೇಗ ಮಾತ್ರ ಹಿಂದೆಯೇ ಉಳಿದರೆ ಕ್ಲಚ್ ಜಾರುತ್ತಿದೆ. ಹಾಗಿದ್ದರೆ ಮಾತು ಅಲ್ಲಿಗೇ ಮುಗಿಸಿ.

ನೋಡೋಕೆ ಬೆಳಿಗ್ಗೆ ಹೋಗಿ, ಎಂಜಿನ್ ಮೊದಲೇ ಸ್ಟಾರ್ಟ್ ಮಾಡಿಡಬೇಡಿ ಅಂತ ಹೇಳಿಡಿ, ಬಾನೆಟ್ ಮುಟ್ಟಿ ನೋಡಿ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದಾಗಿನ ಸದ್ದೇ ನಿಜ ಹೇಳೋದು. ಇಳಿಜಾರಲ್ಲಿ ಗೇರ್‌ನಲ್ಲಿ ಇಳಿದು ಮತ್ತೆ ಆಕ್ಸಿಲರೇಟರ್ ಕೊಟ್ಟಾಗ ಹಿಂದೆ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಅಂತಲೇ ಲೆಕ್ಕ.

ಟೈರಿನ ಪಕ್ಕದಲ್ಲಿ DOT ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 2224 ಅಂದರೆ 2024ರ 22ನೇ ವಾರ ತಯಾರಾದದ್ದು. ನಾಲ್ಕೂ ಒಂದೇ ಕಂಪನಿಯದು, ತಾರೀಖು ಹತ್ತಿರ ಹತ್ತಿರ ಇರಬೇಕು. ಒಂದು ಮಾತ್ರ ಹೊಸದಾಗಿದ್ದರೆ ಏಕೆ ಅಂತ ಕೇಳಿ. ಹೊಸ ಟೈರಿನ ಮೇಲಿನ ತೋಡುಗಳ ಆಳ 7ರಿಂದ 8 ಮಿ.ಮೀ., 6,000 ಕಿ.ಮೀ.ಗೆ 4 ಮಿ.ಮೀ.ಗೆ ಇಳಿದಿದ್ದರೆ ಒಂದೋ ಗಾಡಿಯನ್ನು ಕೆಟ್ಟದಾಗಿ ಓಡಿಸಿದ್ದಾರೆ, ಇಲ್ಲಾ ಮೀಟರ್ ಸುಳ್ಳು ಹೇಳುತ್ತಿದೆ. ಒಳಅಂಚು ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ ಹೋಗಿದೆ, ಗುಂಡಿಗೋ ಫುಟ್‌ಪಾತ್ ಅಂಚಿಗೋ ಬಡಿದಿರಬಹುದು.

ಪೇಂಟ್ ದಪ್ಪ ಅಳೆಯುವ ಮೀಟರ್ ಎರವಲಾದರೂ ತನ್ನಿ. ಫ್ಯಾಕ್ಟರಿ ಪೇಂಟ್ ಸಾಮಾನ್ಯವಾಗಿ 80ರಿಂದ 150 ಮೈಕ್ರಾನ್. ಎಡ ಬಾಗಿಲು 110, ಬಲ ಬಾಗಿಲು 240 ತೋರಿಸಿದರೆ ಬಲಗಡೆ ಮತ್ತೆ ಪೇಂಟ್ ಆಗಿದೆ. 500 ದಾಟಿದರೆ ಕೆಳಗೆ ಪುಟ್ಟಿ ಇದೆ. ಪ್ಲಾಸ್ಟಿಕ್ ಬಂಪರ್ ಮೇಲೆ ಈ ಮೀಟರ್ ಕೆಲಸ ಮಾಡಲ್ಲ, ಅಲ್ಲಿ ಅಂಚಿನ ರಬ್ಬರ್ ಮೇಲೆ ಬಣ್ಣದ ಸಿಂಪಡಿಕೆ ಇದೆಯಾ ನೋಡಿ. ಬಾನೆಟ್ ಹಿಂಜ್, ಫೆಂಡರ್ ಬೋಲ್ಟ್‌ಗಳ ಮೂಲೆಯಲ್ಲಿ ಪೇಂಟ್ ಎದ್ದಿದ್ದರೆ ಸ್ಪ್ಯಾನರ್ ಹಾಕಿ ಬಿಚ್ಚಿದ್ದಾರೆ ಅಂತ ಅರ್ಥ.

ಉತ್ತರ 5
ಗಾಡಿಯ ಕಂಪ್ಯೂಟರಿನಲ್ಲಿ ದಾಖಲಾದ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿಸದೆ ದುಡ್ಡು ಕೊಡಬೇಡಿ. ಕೋಡ್ ಇಲ್ಲ ಅಂತ ತೋರಿಸಿದರೆ ಸಾಲದು. "ಕೋಡ್ ಅಳಿಸಿದ ಮೇಲೆ ಓಡಿದ ದೂರ" ಅನ್ನೋ ಸಾಲು ತೆರೆಸಿ. ಅಲ್ಲಿ 12 ಕಿ.ಮೀ. ಅಂತಿದ್ದರೆ ನೀವು ಬರುವ ಮೊದಲು ಯಾರೋ ಅಳಿಸಿದ್ದಾರೆ, ಅಥವಾ ಬ್ಯಾಟರಿ ಕಳಚಿದ್ದಾರೆ. ಎರಡಕ್ಕೂ ಕಾರಣ ಕೇಳಿ, ವಾರ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿಸಿ.

ಕಾಗದದಲ್ಲಿ ಎರಡು ಕಡೆ ಜನ ಸಿಕ್ಕಿಬೀಳ್ತಾರೆ. ಒಂದು, ವಾರಂಟಿ ನೀವು ತಗೊಂಡ ದಿನದಿಂದ ಅಲ್ಲ, ಸಾಮಾನ್ಯವಾಗಿ ಗಾಡಿ ಮೊದಲು ನೋಂದಣಿಯಾದ ಅಥವಾ ಬಳಕೆಗೆ ಬಂದ ದಿನದಿಂದ. ಚಾಸಿಸ್ ನಂಬರ್ ಕೊಟ್ಟು ತಯಾರಕರ ದಾಖಲೆಯಲ್ಲಿ ಶುರುವಾದ ತಾರೀಖು, ವಾರಂಟಿಯಲ್ಲಿ ಆದ ರಿಪೇರಿ ಎರಡನ್ನೂ ತೆಗೆಸಿ. ಎರಡು, ಗಾಡಿ ಶೋರೂಮ್ ಹೆಸರಲ್ಲಿ ನೋಂದಣಿಯಾಗಿದ್ದರೆ ನೀವು ಎರಡನೇ ಮಾಲೀಕರು. ಮಾರುವಾಗ ಕೊಳ್ಳುವವರು ನೋಡೋದು ಅದನ್ನೇ.

ರಿಯಾಯಿತಿಯನ್ನು ಬೋರ್ಡಿನ ಬೆಲೆಯಿಂದ ಕಳೆದು ನೋಡಬೇಡಿ. ಅದೇ ವೇರಿಯಂಟ್ ಹೊಸದಕ್ಕೆ ಚೌಕಾಸಿ ಮಾಡಿದಾಗ ಕೊನೆಗೆ ಎಷ್ಟಕ್ಕೆ ಬರುತ್ತೆ ಅನ್ನೋದು ನಿಮ್ಮ ಅಳತೆ. ಅದರಿಂದ ಕಳೆದುಹೋದ ವಾರಂಟಿ ತಿಂಗಳುಗಳಿಗೆ ವಿಸ್ತರಣೆ ಕೊಂಡರೆ ಆಗುವ ಖರ್ಚು, ಸವೆದ ಟೈರು ಮತ್ತು ಪ್ಯಾಡು, ಎರಡನೇ ಮಾಲೀಕತ್ವದ ಕಡಿತ ಇಷ್ಟನ್ನೂ ಇಳಿಸಿ. ಆಮೇಲೂ ಡೆಮೊ ಬೆಲೆ ಕೆಳಗಿದ್ದರೆ ತಗೊಳ್ಳಿ. ನಿಮಗೆ ಬೇಡದ ಸನ್‌ರೂಫಿಗೆ, ದೊಡ್ಡ ಚಕ್ರಕ್ಕೆ ಬೆಲೆ ಕಟ್ಟಬೇಡಿ.

ತಗೊಂಡ ಮೇಲೆ ಮೊದಲ ಕೆಲಸ, ಆಯಿಲ್ ಮತ್ತು ಫಿಲ್ಟರ್ ಹೊಸದು. ಬೇರೆಯವರ ಕಾಲಲ್ಲಿ ಕೂತ ರಿಂಗನ್ನು ನೀವು ಮತ್ತೆ ಕೂರಿಸೋಕಾಗಲ್ಲ, ಆದರೆ ಹೇಗೆ ಕೂತಿದೆ ಅಂತ ಅಳೆಯಬಹುದು. ಆಯಿಲ್ ಮೇಲಿನ ಗುರುತಿಗೆ ಸರಿಯಾಗಿ ತುಂಬಿಸಿ, ಫೋಟೋ ತೆಗೆದಿಡಿ, 1,000 ಕಿ.ಮೀ. ಆದ ಮೇಲೆ ಅದೇ ಜಾಗದಲ್ಲಿ ಮತ್ತೆ ನೋಡಿ. ಅರ್ಧ ಲೀಟರಿನಷ್ಟು ಇಳಿದಿದ್ದರೆ ಬರವಣಿಗೆಯಲ್ಲೇ ದೂರು ಕೊಡಿ, ವಾರಂಟಿ ಮುಗಿಯುವವರೆಗೆ ಕಾಯಬೇಡಿ.

ಎರಡನೇ ಕೀ, ಜ್ಯಾಕ್, ಸರ್ವಿಸ್ ದಾಖಲೆ ಕೈಗೆ ಬರಲಿ. ಸ್ಕ್ರೀನನ್ನು ಫ್ಯಾಕ್ಟರಿ ರೀಸೆಟ್ ಮಾಡಿಸಿ. ಗಾಡಿ ಆ್ಯಪ್‌ಗೆ ಜೋಡಿಸಿದ್ದರೆ ಶೋರೂಮಿನ ಖಾತೆಯಿಂದ ತೆಗೆಸಿ ನಿಮ್ಮ ಖಾತೆಗೆ ಹಾಕಿಸಿದ ಮೇಲೆಯೇ ಅಲ್ಲಿಂದ ಹೊರಡಿ. ಇಲ್ಲದಿದ್ದರೆ ಗಾಡಿ ಎಲ್ಲಿದೆ ಅಂತ ನೋಡೋದು, ಬಾಗಿಲು ತೆರೆಯೋದು ಅವರ ಫೋನಿನಿಂದ ಇನ್ನೂ ಸಾಧ್ಯ.