ಅಪ್‌ಡೇಟ್: ಗೋಡೆ ಪಕ್ಕ ಮದ್ದಳೆಯ ನಾದ ಸಾಯುತ್ತಿದ್ದ ವಿಷಯ

ಶಿರಸಿಯ ನಮ್ಮನೆ ಜಗುಲಿಯಲ್ಲಿ ತಾಳಮದ್ದಳೆ ಅಭ್ಯಾಸದ ವೇಳೆ ಮದ್ದಳೆಗೆ ಗುಂಯ್ ಎನ್ನುವ ನಾದವೇ ಇಲ್ಲ, ಚರ್ಮ ಬದಲಿಸಬೇಕಾ ಎಂದು ಕೇಳಿದ್ದೆ. ಜಾಗ ಬದಲಿಸಿ ಎಂದವರಿಗೆ ಥ್ಯಾಂಕ್ಸ್, ಸರಿಹೋಯ್ತು.

ಮದ್ದಳೆಯ ಮುಖಕ್ಕೂ ಗೋಡೆಗೂ ಸುಮಾರು 40 ಸೆಂಟಿಮೀಟರ್ ಇತ್ತು. ಅಂದರೆ ಸದ್ದು ಹೋಗಿ ಬರಲು 80. ಸದ್ದಿನ ವೇಗ ಸೆಕೆಂಡಿಗೆ ಸುಮಾರು 345 ಮೀಟರ್, ಹಾಗಾಗಿ 215 ಹರ್ಟ್ಸ್ ಆಸುಪಾಸಿನಲ್ಲಿ ಅದು ಅರ್ಧ ಅಲೆಯಷ್ಟು ಉದ್ದ. ಒಂದರ ಏರು ಇನ್ನೊಂದರ ಇಳಿತಕ್ಕೆ ಸಿಕ್ಕಿ, ವಾಪಸ್ ಬಂದ ಸದ್ದು ನೇರ ಸದ್ದನ್ನೇ ತಿನ್ನುತ್ತದೆ, ಗೋಡೆಗೆ ಎದುರಾಗಿ ಕೂತವರಿಗಂತೂ ಜಾಸ್ತಿ.

ಗೋಡೆಗೆ ಒಂದು ಗೇಣಿನಷ್ಟು ಹತ್ತಿರ ಸರಿಸಿದರೆ ಉಲ್ಟಾ, ಕೆಳಸ್ವರ ಉಬ್ಬಿ ಭಾಗವತರ ಪದವೇ ಮುಚ್ಚಿಹೋಯ್ತು! ಈಗ ಜಗುಲಿಯ ನಡುವೆ ಕೂರುತ್ತೇವೆ. ಗೋಡೆಗೆ ಕಟ್ಟಿದ್ದ ತೆಳು ಜಮಖಾನ ಸುಮ್ನೆ ದಂಡ, ಇಷ್ಟು ಕೆಳಗಿನ ಸದ್ದನ್ನು ಅದು ಹೀರುವುದೇ ಇಲ್ಲ.