ಏರೋಮ್ಯಾಗ್ನೆಟಿಕ್ (ವಿಮಾನದಿಂದ ಅಳೆದ ಕಾಂತಕ್ಷೇತ್ರದ) ನಕ್ಷೆಯಲ್ಲಿ ಸಾಫ್ಟ್‌ವೇರ್ ಎಳೆದ ಗೆರೆಗಳನ್ನು ಎಷ್ಟು ನಂಬಬಹುದು?

ಎಂಎಸ್ಸಿ ಹುಡುಗಿ:
ಪ್ರಾಜೆಕ್ಟ್‌ಗೆ ಹಟ್ಟಿ-ಮಸ್ಕಿ ಬೆಲ್ಟ್ (ಬಂಡೆಗಳ ಪಟ್ಟಿ) ತೆಗೆದುಕೊಂಡಿದ್ದೇನೆ. ಏರೋಮ್ಯಾಗ್ನೆಟಿಕ್ ಗ್ರಿಡ್‌ಗೆ ರಿಡಕ್ಷನ್ ಟು ಪೋಲ್ (ಆರ್‌ಟಿಪಿ, ಧ್ರುವದಲ್ಲಿ ಅಳೆದಿದ್ದರೆ ಹೇಗಿರುತ್ತಿತ್ತೋ ಹಾಗೆ ಬದಲಿಸುವ ಫಿಲ್ಟರ್) ಹಾಕಿ, ಅದನ್ನೇ ಸಿಇಟಿ ಗ್ರಿಡ್ ಅನಾಲಿಸಿಸ್ ಅನ್ನುವ, ತಾನೇ ಗೆರೆ ಹುಡುಕುವ ಟೂಲ್‌ಗೆ ಕೊಟ್ಟೆ. ರಾಶಿ ಗೆರೆಗಳು ಬಂದವು, ಮುಕ್ಕಾಲು ಪಾಲು ಉತ್ತರ-ದಕ್ಷಿಣಕ್ಕೇ ಇವೆ. ಹಟ್ಟಿಯ ಚಿನ್ನದ ರೀಫ್‌ಗಳದ್ದೂ (ಅದಿರಿನ ಪಟ್ಟಿಗಳದ್ದೂ) ಹೆಚ್ಚುಕಮ್ಮಿ ಅದೇ ದಿಕ್ಕು ಅಲ್ವಾ, ಇವನ್ನೇ ಶಿಯರ್ ಝೋನ್ (ಬಂಡೆಗಳು ಒಂದಕ್ಕೊಂದು ಜಾರಿ ನಜ್ಜುಗುಜ್ಜಾದ ಪಟ್ಟಿ) ಅಂತ ಬರೆಯಬಹುದಾ? ಗೈಡ್ ನಕ್ಷೆ ನೋಡಿ "ಹ್ಞೂಂ" ಅಂದು ಸುಮ್ಮನಾದರು.

ಗ್ರಿಡ್ ಗುರು:
ಸದ್ಯಕ್ಕೆ ಬರೆಯಬೇಡಿ. ಹಟ್ಟಿ ಭಾಗದಲ್ಲಿ ಭೂಮಿಯ ಕಾಂತಕ್ಷೇತ್ರದ ಇಂಕ್ಲಿನೇಷನ್ (ಕ್ಷೇತ್ರ ನೆಲದ ಮಟ್ಟದಿಂದ ಬಾಗಿರುವ ಕೋನ) 20 ಡಿಗ್ರಿ ಆಸುಪಾಸು ಅಷ್ಟೇ. ಇಷ್ಟು ಕಡಿಮೆ ಇದ್ದಾಗ ಆರ್‌ಟಿಪಿ ಫಿಲ್ಟರ್ ಉತ್ತರ-ದಕ್ಷಿಣಕ್ಕೆ ಚಾಚಿದ್ದನ್ನೆಲ್ಲ, ನಾಯ್ಸ್ ಸೇರಿಸಿ, ಪೂರ್ವ-ಪಶ್ಚಿಮದ್ದಕ್ಕಿಂತ 8 ಪಟ್ಟಿಗೂ ಜಾಸ್ತಿ ಹಿಗ್ಗಿಸುತ್ತದೆ. ನಮ್ಮಲ್ಲಿ ಡಿಕ್ಲಿನೇಷನ್ (ನಿಜವಾದ ಉತ್ತರಕ್ಕೂ ಕಾಂತದ ಉತ್ತರಕ್ಕೂ ಇರುವ ಕೋನ) ಸೊನ್ನೆಯ ಹತ್ತಿರ, ಅದಕ್ಕೇ ಸುಳ್ಳು ಗೆರೆಗಳು ನೆಟ್ಟಗೆ ಉತ್ತರಕ್ಕೇ ನಿಲ್ಲುತ್ತವೆ. ಅದು ಬಂಡೆಯೋ ಫಿಲ್ಟರಿನ ಗಲಾಟೆಯೋ ಸಾಫ್ಟ್‌ವೇರ್‌ಗೆ ಗೊತ್ತಾಗುವುದಿಲ್ಲ, ಉದ್ದಕ್ಕೆ ಏನು ಕಂಡರೂ ಗೆರೆ ಎಳೆಯುತ್ತದೆ. ಆರ್‌ಟಿಪಿಯಲ್ಲಿ ಆಂಪ್ಲಿಟ್ಯೂಡ್‌ಗೆ (ಸಿಗ್ನಲ್ ಎಷ್ಟು ಹಿಗ್ಗಬೇಕು ಅನ್ನುವುದಕ್ಕೆ) ಮಾತ್ರ ಬೇರೆ, ಜಾಸ್ತಿ ಇಂಕ್ಲಿನೇಷನ್ ಕೊಟ್ಟು ಮತ್ತೆ ಮಾಡಿ. ಅನಾಲಿಟಿಕ್ ಸಿಗ್ನಲ್ (ಕಾಂತಕ್ಷೇತ್ರ ಎಷ್ಟು ಚುರುಕಾಗಿ ಬದಲಾಗುತ್ತದೆ ಎಂದು ತೋರಿಸುವ ಗ್ರಿಡ್) ಮೇಲೂ ಟೂಲ್ ಓಡಿಸಿ. ಎರಡರಲ್ಲೂ ಉಳಿದ ಗೆರೆಗಳನ್ನು ಮಾತ್ರ ಇಟ್ಟುಕೊಳ್ಳಿ.

ಫೀಲ್ಡ್ ಬೂಟು:
ಗುರುಗಳು ಹೇಳಿದ್ದು ಸರಿ, ಆದರೆ "ಉಳಿದದ್ದು ಮಾತ್ರ" ಅನ್ನುವುದು ಸ್ವಲ್ಪ ಜಾಸ್ತಿಯಾಯಿತು. ಈ ಅಕ್ಷಾಂಶದಲ್ಲಿ ಉತ್ತರ-ದಕ್ಷಿಣಕ್ಕೆ ಉದ್ದವಾಗಿರುವ ನಿಜವಾದ ಬಂಡೆಯೂ ಮಂಕಾಗಿಯೇ ಕಾಣುತ್ತದೆ, ಪೂರ್ವ-ಪಶ್ಚಿಮದ ಡೈಕ್‌ಗಳೇ (ಬಿರುಕಿಗೆ ನುಗ್ಗಿ ಗಟ್ಟಿಯಾದ ಬಂಡೆಯ ಗೋಡೆಗಳೇ) ಎದ್ದು ಕಾಣುತ್ತವೆ. ಹಾಗೆ ಸೋಸುತ್ತಾ ಹೋದರೆ ಅಸಲಿ ಶಿಯರ್ ಝೋನ್ ಕೂಡ ಹೊರಗೆ ಹೋಗಬಹುದು. ಆ ಸಿಇಟಿ ಟೂಲ್ ಹುಟ್ಟಿದ್ದು ಯೂನಿವರ್ಸಿಟಿ ಆಫ್ ವೆಸ್ಟರ್ನ್ ಆಸ್ಟ್ರೇಲಿಯಾದಲ್ಲಿ. ಅಲ್ಲಿ ಕಲ್ಗೂರ್ಲಿ ಕಡೆ ಇಂಕ್ಲಿನೇಷನ್ 60 ಡಿಗ್ರಿ ದಾಟುತ್ತದೆ, ಅವರಿಗೆ ಈ ತಲೆನೋವೇ ಇಲ್ಲ.

ಇನ್ನೊಂದು, ಚಿನ್ನ ಏನೂ ಕಾಂತಕ್ಕೆ ಅಂಟುವಂಥದ್ದಲ್ಲ. ಶಿಯರ್ ಝೋನಿನಲ್ಲಿ ಬಿಸಿ ದ್ರವ ಹರಿದು ಮ್ಯಾಗ್ನೆಟೈಟ್ (ಕಾಂತಗುಣದ ಖನಿಜ) ಹಾಳಾಗಿದ್ದರೆ ನಕ್ಷೆಯಲ್ಲಿ ಅದು ತಗ್ಗಾಗಿ ಕಾಣುತ್ತದೆ. ಬರೀ ರಿಡ್ಜ್ (ಏರು ಗೆರೆ) ಹುಡುಕಿಸಿದರೆ ಬೇಕಾದದ್ದೇ ಬಿಟ್ಟುಹೋಗುತ್ತದೆ, ವ್ಯಾಲಿಗಳನ್ನೂ (ತಗ್ಗು ಗೆರೆಗಳನ್ನೂ) ಹುಡುಕಿಸಿ.

ಎಂಎಸ್ಸಿ ಹುಡುಗಿ:
ಸರ್, ಗೆರೆಗಳು ಕೂಡುವ ಜಾಗಕ್ಕೆ ಹೀಟ್ ಮ್ಯಾಪ್ ಕೂಡ ಬರುತ್ತದಲ್ಲ, ಅದನ್ನು ಹಾಕಬಹುದಾ?

ಫೀಲ್ಡ್ ಬೂಟು:
ಅದಕ್ಕೆ ಆಧಾರ ಇದೇ ಗೆರೆಗಳಮ್ಮಾ, ಗೆರೆ ಸುಳ್ಳಾದರೆ ಕೆಂಪು ಚುಕ್ಕೆಯೂ ಸುಳ್ಳು. ಮೊದಲು ಫ್ಲೈಟ್ ಲೈನ್ (ಅಳೆಯುವ ವಿಮಾನ ಹಾರಿದ ಸಾಲು), ಹೈಟೆನ್ಷನ್ ಲೈನ್, ರೈಲು ಹಳಿ ಇವನ್ನು ನಕ್ಷೆಯ ಮೇಲೆ ಹಾಕಿ ನೋಡಿ, ಹೊಂದಿಕೊಂಡಿರುವ ಗೆರೆಗಳಿಗೆ ಗುರುತು ಮಾಡಿ, ಬೇರೆ ಪುರಾವೆ ಇಲ್ಲದಿದ್ದರೆ ತೆಗೆದುಬಿಡಿ. ಹೀಟ್ ಮ್ಯಾಪ್ ಆಮೇಲೆ.